ಹೆಚ್ಚಿಗೆ ಸುಟ್ಟ ಪೆಟ್ರೋಲ್ ಎಲ್ಲಿಗೆ ಹೋಯಿತು? ಕಾರಿನ ಮೈಲೇಜ್ ಏಕಾಏಕಿ ಕುಸಿದಾಗ ಕಾರಣ ಹುಡುಕುವ ಬಗೆ

ಎರಡು ಮಳೆಗಾಲಗಳ ಹಿಂದೆ, ಸಕಲೇಶಪುರದಿಂದ ಹಾಸನಕ್ಕೆ ದಿನವೂ ಹೋಗಿಬರುತ್ತಿದ್ದ ನನ್ನ ಪೆಟ್ರೋಲ್ ಕಾರಿನ ಮೈಲೇಜ್ ಲೀಟರಿಗೆ 17.5 ಕಿಲೋಮೀಟರಿನಿಂದ 14.5ಕ್ಕೆ ಇಳಿಯಿತು. ವರ್ಷಗಟ್ಟಲೆ ಸವೆದು ಇಳಿದದ್ದಲ್ಲ, ಎರಡು ಮೂರು ಟ್ಯಾಂಕ್ ಪೆಟ್ರೋಲ್ ಮುಗಿಯುವಷ್ಟರಲ್ಲಿ ಕುಸಿದದ್ದು. ಎಂಜಿನ್ ದೀಪ ಹತ್ತಿರಲಿಲ್ಲ, ಹೊಗೆ ಇರಲಿಲ್ಲ, ಏರಿನಲ್ಲಿ ಎಳೆತ ಕಡಿಮೆಯಾಗಿರಲಿಲ್ಲ. ಗ್ಯಾರೇಜಿನಲ್ಲಿ ಏರ್ ಫಿಲ್ಟರ್ ಬದಲಾಯಿಸಿದರು, ಸ್ಪಾರ್ಕ್ ಪ್ಲಗ್ ಬದಲಾಯಿಸಿದರು, ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಶುಚಿಗೊಳಿಸಿದರು. ಬಿಲ್ಲು ಬೆಳೆಯಿತೇ ಹೊರತು ಮೈಲೇಜ್ ಅಲುಗಾಡಲಿಲ್ಲ. ಕೊನೆಗೆ ಸಿಕ್ಕ ಕಾರಣ, ಇರಬೇಕಾದ ಜಾಗದಲ್ಲಿ ಇಲ್ಲದೇ ಹೋಗಿದ್ದ ಒಂದು ಚಿಕ್ಕ ಭಾಗ. ಅದನ್ನು ಕಂಡುಹಿಡಿಯಲು ಹಿಡಿಯಬೇಕಾಗಿದ್ದ ದಾರಿ ಕಷ್ಟದ್ದೇನೂ ಆಗಿರಲಿಲ್ಲ; ನಾವು ಕೇಳಿಕೊಂಡ ಪ್ರಶ್ನೆ ತಪ್ಪಾಗಿತ್ತು. ಯಾವ ಭಾಗ ಕೆಟ್ಟಿದೆ ಎಂದು ಕೇಳುವ ಮೊದಲು, ಹೆಚ್ಚುವರಿ ಪೆಟ್ರೋಲ್ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಬೇಕಾಗಿತ್ತು.

ಟ್ಯಾಂಕಿನಿಂದ ಹೊರಟ ಪೆಟ್ರೋಲ್ ನಾಲ್ಕು ಬಗೆಯಲ್ಲಿ ಮಾತ್ರ ಹೆಚ್ಚಾಗಿ ಖರ್ಚಾಗಲು ಸಾಧ್ಯ. ಅದು ಎಂಜಿನ್ನನ್ನು ತಲುಪದೇ ಹೋಗಿರಬಹುದು, ಅಥವಾ ನಾವು ತುಂಬಿಸಿದ್ದೇವೆಂದುಕೊಂಡಷ್ಟು ತುಂಬಿಯೇ ಇಲ್ಲದಿರಬಹುದು. ಒಂದೊಂದು ಲೀಟರಿನಲ್ಲಿಯೂ ಮೊದಲಿಗಿಂತ ಕಡಿಮೆ ಶಕ್ತಿ ಇರಬಹುದು. ಕಾರನ್ನು ಮುಂದಕ್ಕೆ ನೂಕಲು ನಿಜವಾಗಿಯೂ ಹೆಚ್ಚು ಶಕ್ತಿ ಬೇಕಾಗುತ್ತಿರಬಹುದು. ಅಥವಾ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ತಪ್ಪು ಮಾಹಿತಿಯನ್ನು ನಂಬಿ ಬೇಡದ ಪೆಟ್ರೋಲನ್ನು ಸುರಿಯುತ್ತಿರಬಹುದು. ಮೈಲೇಜ್ ಕುಸಿತಕ್ಕೆ ಜನ ಹೇಳುವ ಹತ್ತಾರು ಕಾರಣಗಳೆಲ್ಲವೂ ಈ ನಾಲ್ಕರಲ್ಲಿ ಒಂದಕ್ಕೆ ಸೇರುತ್ತವೆ, ಮತ್ತು ಪ್ರತಿಯೊಂದಕ್ಕೂ ಅದರದೇ ಆದ ಗುರುತುಗಳಿವೆ. ಕಷ್ಟದ ಪರೀಕ್ಷೆಗಳಿಗೆ ಕೈಹಾಕುವ ಮೊದಲು ಸುಲಭದವನ್ನು ಮುಗಿಸಿಕೊಂಡು ಒಂದೊಂದನ್ನೇ ಪಕ್ಕಕ್ಕಿಡುತ್ತ ಹೋದರೆ ಉಳಿಯುವ ಕ್ಷೇತ್ರ ತೀರ ಚಿಕ್ಕದಾಗುತ್ತದೆ.

ಮೊದಲು ಅಳತೆ

ಒಂದೇ ಒಂದು ಟ್ಯಾಂಕಿನ ಲೆಕ್ಕವನ್ನು ನಂಬಬಾರದು. ಫುಲ್ ಟ್ಯಾಂಕ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಹಿಡಿಸಿದ ಲೀಟರಿನಿಂದ ಭಾಗಿಸುವ ಪದ್ಧತಿ ಸರಿಯಾದದ್ದೇ. ಆದರೆ ಬಂಕಿನ ನಳಿಕೆ ತಾನಾಗಿ ನಿಲ್ಲುವ ಹಂತ ಪ್ರತಿಸಲವೂ ಒಂದೇ ಆಗಿರುವುದಿಲ್ಲ. ನೆಲದ ಓರೆ, ಪೆಟ್ರೋಲ್ ಹರಿಯುವ ವೇಗ, ನೊರೆ, ಹುಡುಗ ಬಿಲ್ಲನ್ನು ದುಂಡಾಗಿಸಲು ಮತ್ತೆ ಒತ್ತುವ ಅಭ್ಯಾಸ ಇವೆಲ್ಲ ಸೇರಿದರೆ ಒಂದೆರಡು ಲೀಟರಿನ ವ್ಯತ್ಯಾಸ ಬರುವುದು ಅಪರೂಪವಲ್ಲ. 20 ಲೀಟರಿಗೆ 2 ಲೀಟರ್ ತಪ್ಪಿದರೆ ಶೇ. 10ರಷ್ಟು ಕುಸಿತ ಕಂಡಂತಾಗುತ್ತದೆ, ಅದೂ ಏನೂ ಕೆಡದ ಕಾರಿನಲ್ಲಿ. ಆದ್ದರಿಂದ ಒಂದೇ ಬಂಕಿನ ಒಂದೇ ಯಂತ್ರದಲ್ಲಿ, ಮೊದಲ ಕಟ್ ಆಫ್‌ಗೆ ನಿಲ್ಲಿಸಿ, ಕನಿಷ್ಠ ಮೂರು ಟ್ಯಾಂಕುಗಳ ಮೊತ್ತವನ್ನು ಒಟ್ಟಿಗೆ ಲೆಕ್ಕ ಹಾಕಬೇಕು. ಮೂರು ಸೇರಿದಾಗ ನಳಿಕೆಯ ತಪ್ಪು ಹೆಚ್ಚುಕಡಿಮೆ ಕರಗಿಹೋಗುತ್ತದೆ.

ಇದೇ ಸಮಯದಲ್ಲಿ ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನೂ ಬರೆದಿಟ್ಟುಕೊಳ್ಳಬೇಕು. ಅದು ಪೂರ್ತಿ ನಿಖರವಲ್ಲವೆಂಬುದು ನಿಜ, ಹಲವು ಕಾರುಗಳು ತಮ್ಮ ಬಗ್ಗೆ ಸ್ವಲ್ಪ ಉದಾರವಾಗಿಯೇ ಹೇಳಿಕೊಳ್ಳುತ್ತವೆ. ಆದರೆ ಅದು ಆ ಅಂಕಿಯನ್ನು ಪಡೆಯುವ ರೀತಿಯಲ್ಲೇ ಒಂದು ಅಮೂಲ್ಯ ಸುಳಿವಿದೆ. ಡ್ಯಾಶ್‌ಬೋರ್ಡ್ ಪೆಟ್ರೋಲನ್ನು ಅಳೆಯುವುದಿಲ್ಲ; ಇಂಜೆಕ್ಟರುಗಳು ಒಟ್ಟು ಎಷ್ಟು ಹೊತ್ತು ತೆರೆದಿದ್ದವು ಎಂಬುದನ್ನು ಕೂಡಿಸಿ, ಅಷ್ಟು ಹೊತ್ತಿನಲ್ಲಿ ಎಷ್ಟು ಪೆಟ್ರೋಲ್ ಹರಿದಿರಬೇಕು ಎಂದು ಊಹಿಸುತ್ತದೆ. ಹಾಗಾಗಿ ಬಂಕಿನ ಲೆಕ್ಕವೂ ಡ್ಯಾಶ್‌ಬೋರ್ಡಿನ ಲೆಕ್ಕವೂ ಜೊತೆಜೊತೆಯಾಗಿ ಕುಸಿದಿದ್ದರೆ, ಇಸಿಯು ಗೊತ್ತಿದ್ದೇ ಹೆಚ್ಚು ಪೆಟ್ರೋಲ್ ಕೊಡುತ್ತಿದೆ ಎಂದರ್ಥ. ಬಂಕಿನ ಲೆಕ್ಕ ಮಾತ್ರ ಕುಸಿದು ಡ್ಯಾಶ್‌ಬೋರ್ಡ್ ಹಳೆಯ ಅಂಕಿಯನ್ನೇ ತೋರಿಸುತ್ತಿದ್ದರೆ, ಪೆಟ್ರೋಲ್ ಇಸಿಯುವಿನ ಕಣ್ಣು ತಪ್ಪಿಸಿ ಹೋಗುತ್ತಿದೆ. ಎಂಜಿನ್ನಿನ ಒಂದು ಬೋಲ್ಟನ್ನೂ ಮುಟ್ಟದೆ ಹುಡುಕಾಟವನ್ನು ಎರಡು ಭಾಗ ಮಾಡಿಕೊಡುವ ಈ ಹೋಲಿಕೆಯನ್ನು ಗ್ಯಾರೇಜುಗಳಲ್ಲಿ ಯಾರೂ ಕೇಳುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಮೂರನೆಯದಾಗಿ ಬೇಕಾದದ್ದು ಒಂದು ದಿನಾಂಕ. ಸವೆತದಿಂದಾಗುವ ನಷ್ಟ ತಿಂಗಳುಗಟ್ಟಲೆ ಹರಡಿಕೊಳ್ಳುತ್ತದೆ. ಏಕಾಏಕಿ ಆದ ಕುಸಿತಕ್ಕೆ ಏಕಾಏಕಿ ಆದ ಒಂದು ಬದಲಾವಣೆ ಇದ್ದೇ ಇರುತ್ತದೆ. ಮೊದಲ ಬಾರಿ ಕಡಿಮೆ ಬಂದ ಟ್ಯಾಂಕ್ ಯಾವುದು, ಅದಕ್ಕೂ ಹಿಂದಿನ ಎರಡು ವಾರಗಳಲ್ಲಿ ಕಾರಿಗೆ, ರಸ್ತೆಗೆ, ಓಡಿಸುವವರಿಗೆ ಏನಾಯಿತು ಎಂಬುದನ್ನು ಬಿಲ್ಲುಗಳನ್ನು ಹರಡಿಕೊಂಡು ನೆನಪಿಸಿಕೊಳ್ಳಬೇಕು. ಸರ್ವಿಸ್ ಆಯಿತೇ, ಟಯರ್ ಬದಲಾಯಿತೇ, ಬ್ಯಾಟರಿ ಕಳಚಿದರೇ, ಬ್ರೇಕ್ ಕೆಲಸ ಮಾಡಿಸಿದೆವೇ, ಕಚೇರಿಯ ದಾರಿ ಬದಲಾಯಿತೇ?

ಎಂಜಿನ್ ತಲುಪದ ಪೆಟ್ರೋಲ್

ಡ್ಯಾಶ್‌ಬೋರ್ಡ್ ಬದಲಾಗದೆ ಬಂಕಿನ ಲೆಕ್ಕ ಮಾತ್ರ ಕುಸಿದಿದ್ದರೆ ಮೊದಲು ನೋಡಬೇಕಾದದ್ದು ಸೋರಿಕೆ, ಏಕೆಂದರೆ ಅದು ದುಡ್ಡಿನ ಪ್ರಶ್ನೆಗಿಂತ ಮೊದಲು ಬೆಂಕಿಯ ಪ್ರಶ್ನೆ. ರಾತ್ರಿಯಿಡೀ ನಿಂತ ಕಾರಿನ ಬಳಿ ಬೆಳಿಗ್ಗೆ ಪೆಟ್ರೋಲ್ ವಾಸನೆ ಬರುತ್ತಿದ್ದರೆ, ಟ್ಯಾಂಕ್ ತುಂಬಿಸಿದ ದಿನ ಮಾತ್ರ ಹಿಂಬದಿಯಲ್ಲಿ ವಾಸನೆ ಬರುತ್ತಿದ್ದರೆ, ಕಾರನ್ನು ಓಡಿಸದೆ ಪರೀಕ್ಷಿಸಬೇಕು. ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಪೆಟ್ರೋಲ್ ಪೈಪಿನೊಳಗೆ 3ರಿಂದ 4 ಬಾರ್ ಒತ್ತಡ ಇರುತ್ತದೆ. ಕೂದಲೆಳೆಯ ಬಿರುಕಿನಿಂದಲೂ ಎಂಜಿನ್ ಓಡುತ್ತಿರುವಾಗ ಮಾತ್ರ ಸೋರಿ, ನಿಂತ ಮೇಲೆ ಬಿಸಿಗೆ ಆವಿಯಾಗಿ, ನೆಲದ ಮೇಲೆ ಒಂದು ಹನಿಯನ್ನೂ ಉಳಿಸದೆ ಹೋಗಬಹುದು. ಇಲಿಗಳು ಕಡಿದ ಪೈಪುಗಳನ್ನು ನಾನು ಮಲೆನಾಡಿನಲ್ಲಿ ಒಂದಲ್ಲ ಎರಡು ಸಲ ಕಂಡಿದ್ದೇನೆ.

ಬಂಕಿನ ಅಳತೆಯ ಮೇಲೆ ಅನುಮಾನವಿದ್ದರೆ ಅದನ್ನು ಅಲ್ಲಿಯೇ ಪರೀಕ್ಷಿಸಿಕೊಳ್ಳುವ ಹಕ್ಕು ಗ್ರಾಹಕರಿಗಿದೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ 5 ಲೀಟರಿನ ಅಳತೆಪಾತ್ರೆ ಪ್ರತಿ ಬಂಕಿನಲ್ಲಿಯೂ ಇರಬೇಕು. ಅದಕ್ಕೆ 5 ಲೀಟರ್ ಹಾಕಿಸಿ ನೋಡಿದಾಗ 25 ಮಿಲಿಲೀಟರಿಗಿಂತ ಹೆಚ್ಚು ಕೊರತೆ ಇರಕೂಡದು. ಆ ಮಿತಿಯೆಂದರೆ ಶೇ. 0.5 ಅಷ್ಟೇ, ಎಂದಮೇಲೆ ಪಾತ್ರೆಯ ಪರೀಕ್ಷೆಯಲ್ಲಿ ಪಾಸಾದ ಬಂಕನ್ನು ಶೇ. 15ರ ಕುಸಿತಕ್ಕೆ ಹೊಣೆ ಮಾಡುವಂತಿಲ್ಲ.

ಇನ್ನೊಂದು ಕಾರಣ ಪೆಟ್ರೋಲಿನದೇ ಅಲ್ಲ, ಕಿಲೋಮೀಟರಿನದು. ಓಡೋಮೀಟರ್ ಎಣಿಸುವುದು ಚಕ್ರದ ಸುತ್ತುಗಳನ್ನು. 155/80 ಆರ್13 ಅಳತೆಯ ಟಯರುಗಳ ಬದಲು ಚೆಂದಕ್ಕೆಂದು 175/70 ಆರ್14 ಹಾಕಿಸಿಕೊಂಡರೆ ಚಕ್ರದ ವ್ಯಾಸ ಸುಮಾರು ಶೇ. 4ರಷ್ಟು ಹೆಚ್ಚುತ್ತದೆ, ಕಾರು 104 ಕಿಲೋಮೀಟರ್ ಓಡಿದಾಗ ಮೀಟರ್ 100 ಎನ್ನುತ್ತದೆ. ಮೈಲೇಜ್ ಹಾಳೆಯ ಮೇಲೂ ಡ್ಯಾಶ್‌ಬೋರ್ಡಿನಲ್ಲೂ ಇಳಿಯುತ್ತದೆ, ರಸ್ತೆಯ ಮೇಲೆ ಅಷ್ಟು ಇಳಿದಿರುವುದಿಲ್ಲ.

ಎಥೆನಾಲ್ ಎಷ್ಟಕ್ಕೆ ಹೊಣೆ

ಈಗ ಯಾವ ಕಾರಿನ ಮೈಲೇಜ್ ಇಳಿದರೂ ಮೊದಲು ಕೇಳಿಬರುವ ಹೆಸರು ಇ20. ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿ 6ರಂದು, ನಮ್ಮ ಬೆಂಗಳೂರಿನಲ್ಲಿಯೇ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನಲ್ಲಿರುವುದರ ಮೂರನೆಯ ಎರಡು ಭಾಗದಷ್ಟು. ಲೆಕ್ಕ ಇದರಿಂದಲೇ ಹೊರಡುತ್ತದೆ. ಎಥೆನಾಲ್ ಇಲ್ಲದ ಪೆಟ್ರೋಲಿಗಿಂತ ಇ20ಯಲ್ಲಿ ಶಕ್ತಿ ಶೇ. 6ರಿಂದ 7 ಕಡಿಮೆ, ಅದಕ್ಕೂ ಮೊದಲು ಬಳಕೆಯಲ್ಲಿದ್ದ ಇ10ಕ್ಕಿಂತ ಶೇ. 3ರಿಂದ 4 ಕಡಿಮೆ. ನೀತಿ ಆಯೋಗದ 2021ರ ವರದಿಯೂ ಹಳೆಯ ಇಂಧನಕ್ಕೆಂದು ರೂಪಿಸಿದ ಕಾರುಗಳಲ್ಲಿ ಶೇ. 6ರಿಂದ 7ರಷ್ಟು, ಇ20ಗೆ ಹೊಂದಿಸಿದ ಕಾರುಗಳಲ್ಲಿ ಶೇ. 1ರಿಂದ 2ರಷ್ಟು ಇಳಿಕೆಯನ್ನು ಅಂದಾಜಿಸಿತ್ತು.

ಇಷ್ಟು ಇಳಿಕೆ ನಿಜ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ನನ್ನ ಕಾರು ಕಳೆದುಕೊಂಡದ್ದು ಶೇ. 17. ಎಥೆನಾಲಿನ ಪಾಲನ್ನು ಧಾರಾಳವಾಗಿ ಕಳೆದರೂ ಶೇ. 10ಕ್ಕಿಂತ ಹೆಚ್ಚು ಉಳಿಯುತ್ತದೆ. ಎಲ್ಲವನ್ನೂ ಇಂಧನದ ತಲೆಗೆ ಕಟ್ಟಿ ಸುಮ್ಮನಾದರೆ ಆ ಉಳಿದ ಭಾಗ ಹೊಗೆಯನ್ನು ಶುಚಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸದ್ದಿಲ್ಲದೆ ಸುಡುತ್ತಿರಬಹುದು, ಅದರ ಬೆಲೆಯೂ ಕಡಿಮೆಯೇನಲ್ಲ.

ಕಾರಿಗೆ ನಿಜವಾಗಿಯೂ ಹೆಚ್ಚು ಶಕ್ತಿ ಬೇಕಾದಾಗ

ಬೆಂಗಳೂರಿನಂಥ ಊರಿನಲ್ಲಿ ಮೊದಲು ನೋಡಬೇಕಾದ ಅಂಕಿ ಸರಾಸರಿ ವೇಗ. ದಿನಕ್ಕೆ 25 ಕಿಲೋಮೀಟರ್ ಓಡುವ, ಲೀಟರಿಗೆ 15 ಕೊಡುವ ಕಾರನ್ನು ತೆಗೆದುಕೊಳ್ಳಿ. ಗಂಟೆಗೆ ಸರಾಸರಿ 24 ಕಿಲೋಮೀಟರ್ ವೇಗದಲ್ಲಿ ಆ ದೂರಕ್ಕೆ ಒಂದು ಗಂಟೆ ಚಿಲ್ಲರೆ ಸಾಕು. ಮೆಟ್ರೋ ಕಾಮಗಾರಿಗೆಂದು ರಸ್ತೆ ಕಿರಿದಾಗಿ ಸರಾಸರಿ ವೇಗ 16ಕ್ಕೆ ಇಳಿದರೆ ಅದೇ ದೂರಕ್ಕೆ ಅರ್ಧ ಗಂಟೆ ಹೆಚ್ಚು ಬೇಕು, ಮತ್ತು ಆ ಅರ್ಧ ಗಂಟೆಯ ಬಹುಪಾಲು ನಿಂತಲ್ಲೇ ಎಂಜಿನ್ ಓಡುವ ಸಮಯ. ಸಣ್ಣ ಪೆಟ್ರೋಲ್ ಎಂಜಿನ್ ಎಸಿಯೊಂದಿಗೆ ನಿಂತಲ್ಲೇ ಗಂಟೆಗೆ ಮುಕ್ಕಾಲು ಲೀಟರಿನಷ್ಟು ಕುಡಿಯುತ್ತದೆ ಎಂದಿಟ್ಟುಕೊಂಡರೂ ದಿನದ ಖರ್ಚು 1.67 ಲೀಟರಿನಿಂದ ಸುಮಾರು 2.05 ಲೀಟರಿಗೆ ಏರುತ್ತದೆ. ಅಂದರೆ ಲೀಟರಿಗೆ 12 ಚಿಲ್ಲರೆ. ಕಾರಿನಲ್ಲಿ ಒಂದು ತಿರುಪೂ ಸಡಿಲವಾಗಿಲ್ಲ. ಟ್ರಿಪ್ ಮೀಟರಿನಲ್ಲಿ ಸರಾಸರಿ ವೇಗವನ್ನು ತೋರಿಸುವ ಸೌಲಭ್ಯ ಬಹಳ ಕಾರುಗಳಲ್ಲಿದ್ದರೂ ಅದನ್ನು ನೋಡುವವರು ಕಡಿಮೆ. ಕೆಂಪು ದೀಪದಲ್ಲಿ ಎಂಜಿನ್ನನ್ನು ತಾನಾಗಿ ಆರಿಸುವ ವ್ಯವಸ್ಥೆ ನಿಮ್ಮ ಕಾರಿನಲ್ಲಿದ್ದರೆ, ಬ್ಯಾಟರಿ ದುರ್ಬಲವಾದ ದಿನದಿಂದ ಅದು ಕೆಲಸ ನಿಲ್ಲಿಸುತ್ತದೆ ಎಂಬುದನ್ನೂ ನೆನಪಿಡಬೇಕು.

ಟಯರಿನ ಗಾಳಿಯ ಬಗ್ಗೆ ಎಲ್ಲರೂ ಹೇಳುತ್ತಾರೆ, ಆದರೆ ಅದರ ಪಾಲನ್ನು ಅಂಕಿಯಲ್ಲಿ ಹೇಳುವವರಿಲ್ಲ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದ ಪ್ರಕಾರ ನಾಲ್ಕೂ ಟಯರುಗಳ ಸರಾಸರಿ ಒತ್ತಡ 1 ಪಿಎಸ್ಐ ಇಳಿದರೆ ಮೈಲೇಜ್ ಇಳಿಯುವುದು ಸುಮಾರು ಶೇ. 0.2. ಎಂಟು ಪಿಎಸ್ಐ ಕಡಿಮೆಯಿದ್ದರೂ ಶೇ. 2 ದಾಟುವುದಿಲ್ಲ. ಗಾಳಿ ತುಂಬಿಸಲೇಬೇಕು, ಮುಖ್ಯವಾಗಿ ಸುರಕ್ಷತೆಗಾಗಿ. ದೊಡ್ಡ ಕುಸಿತದ ಕಾರಣವನ್ನು ಮಾತ್ರ ಅಲ್ಲಿ ಹುಡುಕಬಾರದು.

ಬಿಟ್ಟುಕೊಡದ ಬ್ರೇಕಿನ ಕಥೆ ಬೇರೆ. ಮಳೆಗಾಲದಲ್ಲಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಜಾರುಪಿನ್ನುಗಳು ತುಕ್ಕು ಹಿಡಿದು, ಅಥವಾ ಹ್ಯಾಂಡ್‌ಬ್ರೇಕ್ ಕೇಬಲ್ ಅಂಟಿಕೊಂಡು, ಪೆಡಲಿನಿಂದ ಕಾಲು ತೆಗೆದ ಮೇಲೂ ಪ್ಯಾಡು ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ಒಂದೇ ಚಕ್ರ ಹೀಗೆ ಹಿಡಿದುಕೊಂಡರೂ ಶೇ. 10ಕ್ಕಿಂತ ಹೆಚ್ಚಿನ ನಷ್ಟವಾಗಬಹುದು, ಓಡಿಸುವವರಿಗೆ ಎಂಜಿನ್ ಸ್ವಲ್ಪ ಸೋಮಾರಿಯಾದಂತೆ ಅನ್ನಿಸುವುದಷ್ಟೇ. ಪರೀಕ್ಷೆ ಬಹಳ ಸರಳ. ಹೆಚ್ಚು ಬ್ರೇಕ್ ಹಾಕದೆ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುಭಾಗದ ಹತ್ತಿರ ಅಂಗೈಯ ಹಿಂಬದಿಯನ್ನು ಹಿಡಿಯಬೇಕು, ಮುಟ್ಟಬಾರದು. ಎಡಬಲದ ಜೋಡಿಯಲ್ಲಿ ಒಂದು ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ಕಾರಣ ಸಿಕ್ಕಂತೆಯೇ. ಹಳೆಯ ಕಾರುಗಳಲ್ಲಿ ಬ್ರೇಕಿನ ರಬ್ಬರ್ ಪೈಪು ಒಳಗೊಳಗೇ ಊದಿಕೊಂಡು, ಒತ್ತಡವನ್ನು ಹೋಗಲು ಬಿಟ್ಟು ಹಿಂದಿರುಗಲು ಬಿಡದ ಕವಾಟದಂತಾಗುವುದೂ ಉಂಟು. ಹಾಗಿದ್ದರೆ ಬ್ರೇಕ್ ಎಣ್ಣೆಯನ್ನು ಹೊರಬಿಡುವ ಬ್ಲೀಡರ್ ತಿರುಪನ್ನು ಸಡಿಲಿಸಿದ ಕೂಡಲೇ ಚಕ್ರ ಬಿಡುಗಡೆಯಾಗುತ್ತದೆ. ಕ್ಯಾಲಿಪರನ್ನೇ ಬದಲಾಯಿಸಿ ಎಂದು ಹೇಳುವ ಮೊದಲು ಮೆಕ್ಯಾನಿಕ್ ಇದನ್ನು ಮಾಡಿ ತೋರಿಸಬೇಕು.

ಕ್ಲಚ್ ಜಾರುತ್ತಿದ್ದರೆ ಮೇಲಿನ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ನಿನ ಸದ್ದು ಏರಿದಷ್ಟು ವೇಗ ಏರುವುದಿಲ್ಲ. ಮೇಲ್ಛಾವಣಿಯ ಕ್ಯಾರಿಯರ್ ಹೆದ್ದಾರಿಯ ವೇಗದಲ್ಲಿ ಮಾತ್ರ ದುಬಾರಿ. ಇವೆರಡನ್ನು ಇಷ್ಟಕ್ಕೇ ಬಿಡುತ್ತೇನೆ.

ಇಸಿಯು ದಾರಿ ತಪ್ಪಿದಾಗ

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಸುಡಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಪ್ರಮಾಣವನ್ನು ಕಾಯುವುದೇ ಇಸಿಯುವಿನ ಕೆಲಸ. ಒಳಬರುವ ಗಾಳಿ ಎಷ್ಟೆಂಬುದನ್ನು ಸೆನ್ಸರಿನಿಂದ ತಿಳಿದು, ಅದಕ್ಕೆ ತಕ್ಕ ಪೆಟ್ರೋಲ್ ಕೊಟ್ಟು, ಆಮೇಲೆ ಸೈಲೆನ್ಸರ್ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರನ್ನು ಕೇಳುತ್ತದೆ: ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯೇ? ಉಳಿದಿದ್ದರೆ ಪೆಟ್ರೋಲ್ ಹೆಚ್ಚಿಸುತ್ತದೆ, ಇಲ್ಲದಿದ್ದರೆ ತಗ್ಗಿಸುತ್ತದೆ. ಈ ತಿದ್ದುಪಡಿಗೆ ಫ್ಯೂಯಲ್ ಟ್ರಿಮ್ ಎಂದು ಹೆಸರು. ಸ್ಟೀರಿಂಗ್ ಕೆಳಗಿನ 16 ಪಿನ್ನುಗಳ ಸಾಕೆಟ್ಟಿಗೆ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದರೆ ಮೊಬೈಲಿನಲ್ಲಿಯೇ ಇದನ್ನು ಶೇಕಡಾವಾರು ನೋಡಬಹುದು. ಆರೋಗ್ಯವಂತ ಎಂಜಿನ್ನಿನಲ್ಲಿ ಅದು ಸೊನ್ನೆಯ ಆಚೀಚೆ, ಹೆಚ್ಚೆಂದರೆ ಶೇ. 10ರೊಳಗೆ ಇರುತ್ತದೆ.

ಇಲ್ಲಿ ಹಲವರು ಎಡವುತ್ತಾರೆ. ಟ್ರಿಮ್ ಶೇ. 15ರಷ್ಟು ಹೆಚ್ಚಿಗೆ ತೋರಿಸಿದರೆ ಶೇ. 15ರಷ್ಟು ಪೆಟ್ರೋಲ್ ವ್ಯರ್ಥವಾಗುತ್ತಿದೆ ಎಂದು ತಿಳಿಯುತ್ತಾರೆ. ಹಾಗಲ್ಲ. ಗಾಳಿಯನ್ನು ಅಳೆಯುವ ಸೆನ್ಸರ್ ಕಡಿಮೆ ಅಳೆದಿದ್ದರಿಂದ ಇಸಿಯು ಮೊದಲು ಕಡಿಮೆ ಪೆಟ್ರೋಲ್ ಕೊಟ್ಟಿತ್ತು, ಆಕ್ಸಿಜನ್ ಸೆನ್ಸರಿನ ಮಾತು ಕೇಳಿ ಅದನ್ನು ಸರಿಪಡಿಸಿತು. ಕೊನೆಯಲ್ಲಿ ಸಿಲಿಂಡರಿಗೆ ಹೋದದ್ದು ಸರಿಯಾದ ಪ್ರಮಾಣವೇ. ತಿದ್ದುಪಡಿ ತನ್ನ ಮಿತಿಯೊಳಗೆ ಕೆಲಸ ಮಾಡುತ್ತಿರುವವರೆಗೆ ಮೈಲೇಜ್ ಅಷ್ಟೇನೂ ಕೆಡುವುದಿಲ್ಲ. ಪೆಟ್ರೋಲ್ ನಿಜವಾಗಿ ಪೋಲಾಗುವುದು ತಿದ್ದುವವನೇ, ಅಂದರೆ ಆಕ್ಸಿಜನ್ ಸೆನ್ಸರೇ, ತಪ್ಪಿದಾಗ, ಅಥವಾ ತಿದ್ದುವವನ ಮಾತನ್ನು ಕೇಳುವ ಸ್ಥಿತಿಗೆ ಇಸಿಯು ಬರದೇ ಉಳಿದಾಗ.

ತಿದ್ದುವವನು ತಪ್ಪುವ ಬಗೆಗಳಲ್ಲಿ ಮೊದಲನೆಯದು ಸೆನ್ಸರಿಗಿಂತ ಮುಂಚಿನ ಸೈಲೆನ್ಸರ್ ಜೋಡಣೆಯ ಬಿರುಕು. ಹೊಗೆಯ ಒಂದೊಂದು ಮಿಡಿತದ ನಡುವೆ ಆ ಬಿರುಕಿನಿಂದ ಹೊರಗಿನ ಗಾಳಿ ಒಳಸೇರುತ್ತದೆ, ಅದರ ಆಮ್ಲಜನಕವನ್ನು ಕಂಡ ಸೆನ್ಸರ್ ಪೆಟ್ರೋಲ್ ಸಾಲದು ಎನ್ನುತ್ತದೆ, ಇಸಿಯು ನಂಬಿ ಸುರಿಯುತ್ತದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಟಿಕ್ ಟಿಕ್ ಎಂದು ಕೇಳಿ, ಲೋಹ ಬಿಸಿಯಾಗಿ ಹಿಗ್ಗಿದ ಮೇಲೆ ಅಡಗುವ ಸದ್ದು ಅದರ ಗುರುತು. ಎರಡನೆಯದು ಮಿಸ್‌ಫೈರ್. ಒಂದು ಸಿಲಿಂಡರ್ ಆಗಾಗ ಹೊತ್ತಿಕೊಳ್ಳದಿದ್ದರೆ ಸುಡದ ಪೆಟ್ರೋಲಿನ ಜೊತೆಗೆ ಬಳಕೆಯಾಗದ ಆಮ್ಲಜನಕವೂ ಹೊರಬರುತ್ತದೆ. ಸೆನ್ಸರಿಗೆ ಕಾಣುವುದು ಆಮ್ಲಜನಕ ಮಾತ್ರವಾದ್ದರಿಂದ, ಈಗಾಗಲೇ ಪೋಲಾಗುತ್ತಿರುವ ಪೆಟ್ರೋಲನ್ನು ಇಸಿಯು ಇನ್ನೂ ಹೆಚ್ಚಿಸುತ್ತದೆ. ಮೂರನೆಯದು ಸೆನ್ಸರಿನದೇ ಮುಪ್ಪು. ಸಾಮಾನ್ಯ ಬಗೆಯ ಸೆನ್ಸರ್ 0.1 ಮತ್ತು 0.9 ವೋಲ್ಟಿನ ನಡುವೆ ಚುರುಕಾಗಿ ಏರಿಳಿಯುತ್ತಿರಬೇಕು. ಗೆರೆ ಕೆಳಗೇ ಮಲಗಿದ್ದರೆ, ಅಥವಾ ಏರಲು ಇಳಿಯಲು ತಡಮಾಡುತ್ತಿದ್ದರೆ ಅನುಮಾನಿಸಬೇಕು. ಕೆಟ್ಟ ಆಕ್ಸಿಜನ್ ಸೆನ್ಸರಿನಂಥ ಗಂಭೀರ ದೋಷವನ್ನು ಸರಿಪಡಿಸಿದರೆ ಮೈಲೇಜ್ ಶೇ. 40ರವರೆಗೂ ಸುಧಾರಿಸಬಹುದೆಂದು ಅಮೆರಿಕದ ಇಂಧನ ಇಲಾಖೆಯೇ ಹೇಳುತ್ತದೆ. ಆದರೂ ಬಿರುಕನ್ನೂ ಮಿಸ್‌ಫೈರನ್ನೂ ಇಲ್ಲವೆನ್ನಿಸಿಕೊಳ್ಳದೆ ಸೆನ್ಸರ್ ಕೊಳ್ಳಬಾರದು. ಸತ್ಯ ಹೇಳಿದ ಸಾಕ್ಷಿಯನ್ನು ಬದಲಾಯಿಸಿದರೆ ಹೊಸ ಸಾಕ್ಷಿಯೂ ಅದನ್ನೇ ಹೇಳುತ್ತಾನೆ.

ಗಾಳಿಯ ಒತ್ತಡವನ್ನು ಅಳೆಯುವ ಮ್ಯಾಪ್ ಸೆನ್ಸರನ್ನು ಪರೀಕ್ಷಿಸಲು ಒಂದು ಸೊಗಸಾದ ಉಪಾಯವಿದೆ. ಕೀಲಿ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಅದೇ ಸ್ಕ್ಯಾನರಿನಲ್ಲಿ ಅದರ ಅಂಕಿಯನ್ನು ಓದಿದರೆ ಅದು ಆ ಊರಿನ ವಾತಾವರಣದ ಒತ್ತಡವನ್ನೇ ಹೇಳಬೇಕು: ಮಂಗಳೂರಿನ ಕಡಲತೀರದಲ್ಲಿ ಸುಮಾರು 101 ಕಿಲೋಪಾಸ್ಕಲ್, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 91. ಬೆಂಗಳೂರಿನಲ್ಲಿ ನಿಂತು 101 ಎನ್ನುವ ಸೆನ್ಸರ್ ಇಲ್ಲದ ಗಾಳಿಗೂ ಪೆಟ್ರೋಲ್ ಕೇಳುತ್ತಿದೆ.

ಏರ್ ಫಿಲ್ಟರ್ ಬಗ್ಗೆಯೂ ಒಂದು ಮಾತು, ಏಕೆಂದರೆ ಗ್ಯಾರೇಜಿನಲ್ಲಿ ಮೊದಲು ಬದಲಾಗುವುದು ಅದೇ. ಕಾರ್ಬುರೇಟರ್ ಕಾಲದಲ್ಲಿ ಕಟ್ಟಿಕೊಂಡ ಫಿಲ್ಟರ್ ಮೈಲೇಜನ್ನು ಇಳಿಸುತ್ತಿದ್ದುದು ನಿಜ. ಇಂಜೆಕ್ಷನ್ ಎಂಜಿನ್ನಿನಲ್ಲಿ ಒಳಬಂದ ಗಾಳಿಯನ್ನು ಅಳೆದೇ ಪೆಟ್ರೋಲ್ ಕೊಡುವುದರಿಂದ ಹಾಗಾಗುವುದಿಲ್ಲ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿದಾಗ ಕಟ್ಟಿಕೊಂಡ ಫಿಲ್ಟರ್ ಕಾರಿನ ಚುರುಕನ್ನು ಕುಗ್ಗಿಸಿತೇ ಹೊರತು ಮೈಲೇಜನ್ನು ಗಮನಾರ್ಹವಾಗಿ ಇಳಿಸಲಿಲ್ಲ.

ಇನ್ನು ಉಳಿದದ್ದು, ನನ್ನ ಕಾರಿನ ದೋಷ ಅಡಗಿದ್ದ ಮೂಲೆ: ಎಂಜಿನ್ನಿನ ಬಿಸಿ. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಗೋಡೆಗಳಿಗೆ ಅಂಟಿಕೊಳ್ಳುವುದರಿಂದ ಇಸಿಯು ಹೆಚ್ಚುವರಿ ಪೆಟ್ರೋಲ್ ಕೊಡುತ್ತದೆ ಮತ್ತು ನಿಂತಲ್ಲಿನ ವೇಗವನ್ನು ಏರಿಸಿಟ್ಟುಕೊಳ್ಳುತ್ತದೆ. ಎಣ್ಣೆ ದಪ್ಪಗಿದ್ದು ಘರ್ಷಣೆಯೂ ಹೆಚ್ಚು. ಇನ್ನೊಂದು ನಷ್ಟ ಘಟ್ಟದ ರಸ್ತೆಯವರಿಗೆ ವಿಶೇಷವಾಗಿ ತಟ್ಟುತ್ತದೆ. ಗೇರಿನಲ್ಲಿಯೇ ಇಳಿಜಾರು ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜೆಕ್ಷನ್ ಎಂಜಿನ್ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ, ಆದರೆ ಹಲವು ಕಾರುಗಳಲ್ಲಿ ಎಂಜಿನ್ ಸಾಕಷ್ಟು ಬಿಸಿಯಾಗುವವರೆಗೆ ಈ ಉಳಿತಾಯ ಜಾರಿಗೆ ಬರುವುದಿಲ್ಲ. (ಪೆಟ್ರೋಲ್ ಉಳಿಯುತ್ತದೆಂದು ಶಿರಾಡಿಯಲ್ಲಿ ನ್ಯೂಟ್ರಲ್ ಮಾಡಿ ಇಳಿಯುವವರು ಇದನ್ನು ಗಮನಿಸಬೇಕು. ನ್ಯೂಟ್ರಲಿನಲ್ಲಿ ಎಂಜಿನ್ ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ, ಬ್ರೇಕ್ ಮಾತ್ರ ಒಂಟಿಯಾಗುತ್ತದೆ.)

ಎಂಜಿನ್ ಬೇಗ ಬಿಸಿಯಾಗುವಂತೆ ನೋಡಿಕೊಳ್ಳುವುದು ಥರ್ಮೋಸ್ಟಾಟ್ ಎಂಬ ಚಿಕ್ಕ ಕವಾಟ. ಎಂಜಿನ್ನನ್ನು ತಣಿಸುವ ದ್ರವ, ಅಂದರೆ ಕೂಲೆಂಟ್, ಸುಮಾರು 82ರಿಂದ 88 ಡಿಗ್ರಿ ಮುಟ್ಟುವವರೆಗೆ ಅದು ರೇಡಿಯೇಟರಿನ ದಾರಿಯನ್ನು ಮುಚ್ಚಿಟ್ಟಿರುತ್ತದೆ. ಅದು ತೆರೆದೇ ಸಿಕ್ಕಿಕೊಂಡರೆ ಎಂಜಿನ್ ಎಂದಿಗೂ ಪೂರ್ತಿ ಬಿಸಿಯಾಗುವುದಿಲ್ಲ. ಇದರಷ್ಟೇ ಹಾನಿ ಮಾಡುವುದು ಬಿಸಿಯನ್ನು ತಪ್ಪಾಗಿ ಹೇಳುವ ಕೂಲೆಂಟ್ ಸೆನ್ಸರ್. ಎಂಜಿನ್ ಕಾದಿದ್ದರೂ ಅದು 30 ಡಿಗ್ರಿ ಎಂದರೆ ಇಸಿಯು ಮಧ್ಯಾಹ್ನದ ಬಿಸಿಲಿನಲ್ಲಿಯೂ ಮುಂಜಾವಿನಂತೆ ಪೆಟ್ರೋಲ್ ಕೊಡುತ್ತದೆ. ಎರಡನ್ನೂ ಬೇರ್ಪಡಿಸುವುದು ಸುಲಭ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಕೂಲೆಂಟ್ ಸೆನ್ಸರಿನ ಅಂಕಿ ಮತ್ತು ಒಳಬರುವ ಗಾಳಿಯ ಅಂಕಿ ಒಂದೆರಡು ಡಿಗ್ರಿಯೊಳಗೆ ಹೊಂದಬೇಕು. ಹೊಂದದಿದ್ದರೆ ಸೆನ್ಸರನ್ನು ಅನುಮಾನಿಸಬೇಕು. ಹೊಂದಿ, ಓಡಿಸಿದ ಮೇಲೂ ಅಂಕಿ 80 ದಾಟದಿದ್ದರೆ ಥರ್ಮೋಸ್ಟಾಟ್.

ನನ್ನ ಕಾರಿನಲ್ಲಿ ಬೆಳಗಿನ ಅಂಕಿಗಳು ಹೊಂದಿದವು. ಆದರೆ ಹೆದ್ದಾರಿಯಲ್ಲಿ ಕೂಲೆಂಟ್ 60ರ ಆಸುಪಾಸಿನಲ್ಲಿಯೇ ತೂಗಾಡಿ, ಹಾಸನದ ಪೇಟೆಯ ಗಾಡಿಗಳ ಸಾಲಿನಲ್ಲಿ ನಿಂತಾಗ ಮಾತ್ರ 80 ಮುಟ್ಟುತ್ತಿತ್ತು. ಗಾಳಿ ಬಡಿದಾಗ ತಣಿದು ನಿಂತಾಗ ಕಾಯುವ ಈ ವರ್ತನೆಗೆ ಬೇರೆ ಅರ್ಥವಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ತಣ್ಣಗಿದೆ ಎನ್ನುವ ನೀಲಿ ದೀಪ ಬಹಳ ಹೊತ್ತು ಉರಿಯುವುದನ್ನು ನಾನು ಕಂಡಿದ್ದೆ. ಜಿಟಿಜಿಟಿ ಮಳೆಯ ಕಾರಣವೆಂದು ತಳ್ಳಿಹಾಕಿದ್ದೆ. ಇಂಥ ದೋಷಕ್ಕೆ ಪಿ0128 ಎಂಬ ಸಂಕೇತವಿದೆ, ಆದರೆ ಅದನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ ನನ್ನ ಹಳೆಯ ಕಾರಿನಲ್ಲಿರಲಿಲ್ಲ, ಹಾಗಾಗಿ ಎಂಜಿನ್ ದೀಪವೂ ಹತ್ತಲಿಲ್ಲ.

ಬಿಲ್ಲುಗಳನ್ನು ಹರಡಿಕೊಂಡು ನೋಡಿದಾಗ ದಿನಾಂಕವೂ ಸಿಕ್ಕಿತು. ಮೊದಲು ಕಡಿಮೆ ಬಂದ ಟ್ಯಾಂಕ್ ಮೇ ತಿಂಗಳ ಕೊನೆಯ ವಾರದ್ದು, 15.6. ಅದಕ್ಕೂ ಹತ್ತು ದಿನ ಹಿಂದೆ ಶಿರಾಡಿ ಘಟ್ಟ ಹತ್ತುವಾಗ ರೇಡಿಯೇಟರ್ ಫ್ಯಾನ್ ನಿಂತು ಎಂಜಿನ್ ಕಾದಿತ್ತು, ದಾರಿಬದಿಯ ಒಂದು ಗ್ಯಾರೇಜಿನಲ್ಲಿ ಫ್ಯಾನಿನ ಮೋಟರ್ ಬದಲಾಯಿಸಿದ್ದರು. ಮತ್ತೆ ಕಾಯಬಾರದೆಂಬ ಸದುದ್ದೇಶದಿಂದ ಥರ್ಮೋಸ್ಟಾಟನ್ನು ತೆಗೆದು ಎಸೆದಿದ್ದರು, ನನಗೆ ಹೇಳಿರಲಿಲ್ಲ. ಈ ರೂಢಿ ನಮ್ಮಲ್ಲಿ ಬಹಳ ಹಳೆಯದು, ಕಾರ್ಬುರೇಟರ್ ಕಾಲದಿಂದಲೂ ಬಂದದ್ದು. ಅಂದಿನ ಎಂಜಿನ್ನುಗಳಿಗೂ ಅದು ಒಳ್ಳೆಯದಾಗಿರಲಿಲ್ಲ, ಬಿಸಿಯನ್ನು ನೋಡಿಯೇ ಪೆಟ್ರೋಲ್ ನಿರ್ಧರಿಸುವ ಇಂದಿನವುಗಳಿಗಂತೂ ದಂಡ. ಮೇ ತಿಂಗಳ ಸೆಖೆಯಲ್ಲಿ ಅರ್ಧ ಮುಚ್ಚಿಹೋಗಿದ್ದ ಪರಿಣಾಮ ಜೂನಿನ ಮಳೆ ಹಿಡಿದ ಮೇಲೆ ಪೂರ್ತಿ ಕಾಣಿಸಿಕೊಂಡಿತು. ಎಂಜಿನ್ ಕಾದ ಕಾರನ್ನು ರಿಪೇರಿಯಿಂದ ತರುವವರು ಈ ಒಂದು ಪ್ರಶ್ನೆಯನ್ನು ಕೇಳಿಯೇ ಕೀಲಿ ಪಡೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ: ಥರ್ಮೋಸ್ಟಾಟ್ ಒಳಗಿದೆಯೇ?

ಡೀಸೆಲ್ ಕಾರಿನವರಿಗೆ ಹುಡುಕುವ ಜಾಗ ಸ್ವಲ್ಪ ಬೇರೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಹೊಗೆ ನಿಯಮದ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದ್ದು, ಅದು ತುಂಬಿದಾಗಲೆಲ್ಲ ಹೆಚ್ಚುವರಿ ಡೀಸೆಲ್ ಸುಟ್ಟು ಸುಮಾರು 600 ಡಿಗ್ರಿ ಬಿಸಿಯಲ್ಲಿ ಮಸಿಯನ್ನು ಬೂದಿ ಮಾಡಲಾಗುತ್ತದೆ. ನಾಲ್ಕೈದು ಕಿಲೋಮೀಟರಿನ ಪೇಟೆ ಓಡಾಟವೇ ಹೆಚ್ಚಾದರೆ ಈ ಸುಡುವಿಕೆ ಅರ್ಧಕ್ಕೇ ನಿಂತು ಮತ್ತೆ ಮತ್ತೆ ಮೊದಲಾಗುತ್ತದೆ. ಎಂಜಿನ್ ಎಣ್ಣೆಯ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಸುಡದ ಡೀಸೆಲ್ ಎಣ್ಣೆಗೆ ಸೇರುತ್ತಿದೆ ಎಂದರ್ಥ, ಆಗ ತಡಮಾಡದೆ ಎಣ್ಣೆ ಬದಲಾಯಿಸಬೇಕು.

ನನ್ನ ಕಾರಿಗೆ ಹೊಸ ಥರ್ಮೋಸ್ಟಾಟ್, ಅದರ ಗ್ಯಾಸ್ಕೆಟ್ ಮತ್ತು ಹೊಸ ಕೂಲೆಂಟ್ ಹಾಕಿಸಲು ಆದ ಖರ್ಚು, ಮೊದಲು ಸುಮ್ಮನೆ ಬದಲಾಯಿಸಿದ್ದ ಭಾಗಗಳ ಖರ್ಚಿನ ಅರ್ಧವೂ ಆಗಲಿಲ್ಲ. ಮುಂದಿನ ಮೂರು ಟ್ಯಾಂಕುಗಳು 16.9, 17.4, 17.3 ಕೊಟ್ಟವು. ಮಳೆ ಸುರಿಯುತ್ತಲೇ ಇತ್ತು. ನೀಲಿ ದೀಪ ಮಾತ್ರ ಮನೆಯಿಂದ ಮೂರನೆಯ ಕಿಲೋಮೀಟರಿಗೆ ಆರತೊಡಗಿತು.